ಸೋಮನಿಂಗ ಹವಾಲ್ದಾರನ ಬೋಗುಣಿ

ಯಂಕಂಚಿಯ ಸೋಮನಿಂಗ ಹವಾಲ್ದಾರ ಗಡಿಯಲ್ಲಿ ತಲೆಯ ಮೇಲೆ ಗುಂಡು ಹಾರುವಾಗ ಗೊರಕೆ ಹೊಡೆದವನು. ಆ ಗೊರಕೆಯನ್ನು ಟ್ಯಾಂಕಿನ ಸಪ್ಪಳವೆಂದು ತಿಳಿದು ಎದುರಿನವರು ಎರಡು ಸಲ ಹಿಂದೆ ಸರಿದಿದ್ದರೆಂದು ಊರಲ್ಲಿ ಹೇಳುತ್ತಿದ್ದರು. ಅಂಥ ಮನುಷ್ಯ ಅಂಚಿನಲ್ಲಿ ಒಂದು ಅಗುಳು ಒಣಗಿ ಅಂಟಿದ ತಾಟು ಕಂಡರೆ ತಾನೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಅದಕ್ಕೊಂದು ಕಾರಣವಿತ್ತು. ಎಪ್ಪತ್ತೊಂದರ ಯುದ್ಧ ಮುಗಿದು ತಿಂಗಳಾಗಿತ್ತು. ಡೇರೆಯಲ್ಲಿ ಅವನ ಪಕ್ಕದಲ್ಲಿ ಮಲಗುತ್ತಿದ್ದ ಬಾಗೇವಾಡಿ ಕಡೆಯ ಗುರಣ್ಣ, ಗುಂಡಿಗೆ ಸಿಗದೆ ಉಳಿದವನು, ವಾಂತಿಭೇದಿ ಹಿಡಿದು ಎರಡೇ ದಿನದಲ್ಲಿ ಹೋಗಿಬಿಟ್ಟ. ಜಡ್ಡು ಬೀಳುವ ಹಿಂದಿನ ದಿನ ಅವನು ಉಣ್ಣುವ ತಾಟನ್ನು ತೊಳೆಯುವ ಸರದಿ ಸೋಮನಿಂಗನದಾಗಿತ್ತು. ಚಳಿಗೆ ಬೇಸತ್ತು ಬರೀ ಒಂದು ಸಲ ನೀರಲ್ಲಿ ಅದ್ದಿ ಎತ್ತಿಟ್ಟಿದ್ದ. ರೋಗ ಬಂದದ್ದು ತಾಟಿನಿಂದಲೋ, ಹಳ್ಳದ ನೀರಿನಿಂದಲೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ. ಇವನೂ ಹೇಳಲಿಲ್ಲ. ಹೆಂಡತಿ ಚಂದವ್ವನಿಗೂ ಹೇಳಲಿಲ್ಲ.

ಎಪ್ಪತ್ತಮೂರರಲ್ಲಿ ಪಿಂಚಣಿ ಪಡೆದು ಊರಿಗೆ ಬಂದ ದಿನದಿಂದ ಆ ಮನೆಗೆ ಸೈನ್ಯದ ಆಡಳಿತ ಬಂತು. ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲೇ ಕೊಡ, ಬೋಗುಣಿ, ತಂಬಿಗೆ, ಗಂಗಾಳಗಳೆಲ್ಲ ಅಂಗಳದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು. ಸೋಮನಿಂಗ ಕೈ ಹಿಂದೆ ಕಟ್ಟಿಕೊಂಡು ಒಂದೊಂದರ ಮುಂದೆಯೂ ನಿಂತು, ಬಾಗಿ, ಒಳಗೆ ಇಣುಕುತ್ತಿದ್ದ. ಅವನ ಮನೆಗೆ ಬರುವ ನೊಣ ಹೊಸ್ತಿಲಲ್ಲಿ ಆರೂ ಕಾಲು ಒರೆಸಿಕೊಂಡು ಒಳಗೆ ಬರುತ್ತಿತ್ತು. ಕಾಗೆಗಳು ಆ ಅಂಗಳವನ್ನು ದಾಟುವಾಗ ಹಿಂದಿನದನ್ನು ಬಿಗಿಹಿಡಿದು ಹಾರುತ್ತಿದ್ದವು. ಸಾಲಿನ ಮೇಲೆ ಬಿಸಿಲು ಬಿದ್ದರೆ ಎರಡು ಹರದಾರಿ ಆಚೆ ಸಿಂದಗಿಯ ಕೋಳಿಗಳು ಇನ್ನೊಂದು ಸೂರ್ಯ ಹುಟ್ಟಿತೆಂದು ಮತ್ತೊಮ್ಮೆ ಕೂಗುತ್ತಿದ್ದವು.

ಚಂದವ್ವನ ಲೆಕ್ಕವೇ ಬೇರೆ. ಹದಿನೈದು ವರ್ಷ ಗಂಡ ವರ್ಷಕ್ಕೆರಡು ತಿಂಗಳು ರಜೆಗೆ ಬಂದು ಹೋಗುವಾಗ ನಾಲ್ಕು ಎಕರೆ ಹೊಲ, ಮೂವತ್ತು ಕುರಿ, ಸಾಯುವವರೆಗೆ ಹಾಸಿಗೆ ಹಿಡಿದಿದ್ದ ಅತ್ತೆ ಎಲ್ಲವನ್ನೂ ಒಬ್ಬಳೇ ನಡೆಸಿದವಳು. ಒಂದು ಹಿಡಿ ಒಲೆಬೂದಿ, ಒಂದು ಹಿಡಿ ಹುಲ್ಲು, ಎರಡು ತಂಬಿಗೆ ನೀರು; ಭಾಂಡೆ ತಿಕ್ಕಿ ಮುಗಿಯಿತು. ಬಾವಿ ಊರ ಹೊರಗಿತ್ತು. ಅಲ್ಲಿಂದ ತಲೆಯ ಮೇಲೆ ಹೊತ್ತು ತಂದ ನೀರನ್ನು ಗಂಡ ಒಂದು ಗಂಗಾಳಕ್ಕೆ ಅರ್ಧ ಕೊಡ ಸುರಿಯುವುದನ್ನು ನೋಡಿದರೆ ಅವಳ ಕುತ್ತಿಗೆ ನೋಯುತ್ತಿತ್ತು.

"ಇಲ್ಲಿ ನೋಡು," ಎಂದು ಸೋಮನಿಂಗ ಬೋಗುಣಿಯನ್ನು ಬೆಳಕಿಗೆ ಹಿಡಿಯುತ್ತಿದ್ದ. "ಇದೇನಿದು ಒಳಗ?"

"ಹವಾಲ್ದಾರ ಸಾಹೇಬ್ರ ಮಾರಿ ಕಾಣಾಕತ್ತೈತ್ರಿ. ಅದನ್ನ ಏನ್ ತಿಕ್ಕಿದ್ರೂ ಹೋಗಂಗಿಲ್ಲ."

"ಚ್ಯಾಷ್ಟಿ ಬ್ಯಾಡ. ಜಡ್ಡು ಇದರಾಗಿಂದನ ಬರ್ತೈತಿ."

"ಹದಿನೈದು ವರ್ಷ ಇದರಾಗ ಉಂಡೇನಿ. ಜಡ್ಡು ಬಂದದ್ದು ನೀವು ಬಂದ ಮ್ಯಾಲ, ಕುತಿಗಿಗೆ. ಹಿಂಗ ತಿಕ್ಕಿದ್ರ ಬೋಗುಣಿ ಹಪ್ಪಳ ಆಗ್ತೈತಿ. ಆಮ್ಯಾಲ ಅದನ್ನ ಸುಟಗೊಂಡು ತಿನ್ನೂಣು."

ಹೀಗೆ ದಿನಾ ನಡೆಯುತ್ತಿತ್ತು. ಚಂದವ್ವ ನಗುತ್ತಿದ್ದಳು, ಸೋಮನಿಂಗ ನಗುತ್ತಿರಲಿಲ್ಲ. ಅವಳು ಒಮ್ಮೆ ಕೆಮ್ಮಿದರೆ ಅವನು ಅಡುಗೆಮನೆಗೆ ಹೋಗಿ ತಾಟುಗಳನ್ನು ಮೂಸಿ ನೋಡುತ್ತಿದ್ದ.

ಎಪ್ಪತ್ತೈದರ ಬೇಸಿಗೆಯಲ್ಲಿ ಒಂದು ದಿನ ಚಂದವ್ವ ಬೆಳಿಗ್ಗೆಯೇ ರೊಟ್ಟಿ ಬಡಿದು, ಮಣ್ಣಿನ ಗಡಿಗೆಯಲ್ಲಿ ಪುಂಡಿಪಲ್ಯ ಮಾಡಿಟ್ಟು, ದೇವರ ಹಿಪ್ಪರಗಿಯ ಸಂತೆಗೆ ಬಸ್ಸು ಹತ್ತಿದಳು. ಮನೆಯಲ್ಲಿ ಹವಾಲ್ದಾರ ಒಬ್ಬನೇ ಉಳಿದ. ಅಡುಗೆಮನೆಯನ್ನು ಅಷ್ಟು ಹೊತ್ತು ಎದುರಾಳಿಯಿಲ್ಲದೆ ಬಿಟ್ಟುಕೊಟ್ಟದ್ದು ಅವಳ ತಪ್ಪು.

ಗೂಡಿನಲ್ಲಿ ಹಿತ್ತಾಳೆಯ ದೊಡ್ಡ ಬೋಗುಣಿ ಇತ್ತು. ಹೊರಗೆ ಬಂಗಾರ, ಒಳಗೆ ಮಾತ್ರ ಬೂದುಬಿಳುಪು. ಎರಡು ವರ್ಷದಿಂದ ಆ ಬಿಳುಪು ಅವನ ಕಣ್ಣಲ್ಲಿ ಮರಳಿನಂತೆ ಕಡಿಯುತ್ತಿತ್ತು. ಹದಿನೆಂಟಕ್ಕೆ ಸೈನ್ಯ ಸೇರಿದವನು; ಅದಕ್ಕೂ ಮೊದಲು ಮನೆಯಲ್ಲಿ ಕಂಡದ್ದು ಮಣ್ಣಿನ ಗಡಿಗೆ, ಅಲ್ಲಿ ಕಂಡದ್ದೆಲ್ಲ ಅಲ್ಯುಮಿನಿಯಂ. ಹಿತ್ತಾಳೆಯೆಂದರೆ ಅವನಿಗೆ ಸೊಂಟಪಟ್ಟಿಯ ಬಿಲ್ಲೆ. ಬಿಲ್ಲೆಯ ಮೇಲೆ ಬಿಳುಪು ಕಂಡರೆ ಸುಬೇದಾರ ಮೈದಾನ ಸುತ್ತಿಸುತ್ತಿದ್ದ. ಸೋಮನಿಂಗ ಅಂಗಿ ಕಳಚಿ, ಇಟ್ಟಿಗೆ ಪುಡಿ ಮಾಡಿ, ಹುಣಸೆಹಣ್ಣು ಕಲಸಿ ತಿಕ್ಕತೊಡಗಿದ. ಮೊದಲ ತಾಸಿಗೆ ಬಿಳುಪು ತೆಳುವಾಯಿತು. ಎರಡನೆಯ ತಾಸಿಗೆ ಹಳದಿ ಇಣುಕಿತು. ಆಮೇಲೆ ಪೆಟ್ಟಿಗೆಯಿಂದ ಬಿಲ್ಲೆ ಹೊಳೆಯಿಸುವ ಪಾಲಿಶಿನ ಡಬ್ಬಿ ತೆಗೆದು, ಕಂಬಳಿಯ ಚೂರಿನಿಂದ ಉಜ್ಜಿ, ಏಳು ನೀರಲ್ಲಿ ತೊಳೆದ. ಬೋಗುಣಿಯ ಒಳಗೆ ನೋಡಿದರೆ ಹೊಳಪಿಗೆ ಅವನ ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆ ನೆರಳು ಬೀಳಿಸುತ್ತಿತ್ತು.

ಇಷ್ಟಾದ ಮೇಲೆ ಮಸಿ ಹಿಡಿದ ಗಡಿಗೆಯಲ್ಲಿ ಪಲ್ಯ ಇರುವುದನ್ನು ಅವನ ಜೀವ ತಡೆಯಲಿಲ್ಲ. ಅಷ್ಟನ್ನೂ ಬೋಗುಣಿಗೆ ಸುರಿದ. ತಾನು ರೊಟ್ಟಿಯನ್ನು ಮೊಸರು ಚಟ್ನಿಯಲ್ಲಿ ಉಂಡ. ಪಲ್ಯದ ಉದ್ಘಾಟನೆ ಹೆಂಡತಿಯಿಂದಲೇ ಆಗಲೆಂದು ಬಿಟ್ಟ.

ಮಧ್ಯಾಹ್ನ ದಾಟಿ ಬಂದ ಚಂದವ್ವನ ಮುಖ ಬಿಸಿಲಿಗೆ ಕೆಂಡವಾಗಿತ್ತು. ಸೋಮನಿಂಗ ಕಾಲಿಗೆ ನೀರು ಕೊಟ್ಟು, ಪಲ್ಯ ಬಿಸಿ ಮಾಡಿ, ಅಡುಗೆಮನೆಯ ಮಬ್ಬಿನಲ್ಲಿ ತಾನೇ ಬಡಿಸಿದ. ಅವಳು ಒಂದು ತುತ್ತು ತಿಂದು ಮುಖ ಕಿವುಚಿದಳು.

"ಯಾಕೋ ಬಾಯಾಗ ಗುಡಿ ಗಂಟಿ ನೆಕ್ಕಿದಂಗ ಆಗಾಕತ್ತೈತಿ."

"ಸಂತ್ಯಾಗ ಏನರ ತಿಂದಿರ್ತಿ. ಸ್ವಚ್ಛ ಊಟ ನಿನ್ನ ನಾಲಿಗಿಗೆ ಹಿಡಿಸಂಗಿಲ್ಲ."

ಹಸಿದಿದ್ದಳು. ಮೂರು ರೊಟ್ಟಿ ಉಂಡಳು, ಎರಡು ಸಲ ಪಲ್ಯ ಹಾಕಿಸಿಕೊಂಡಳು. ಉಂಡ ಕೈ ತೊಳೆದು, ದನಕ್ಕೆ ಕಣಿಕೆ ತರುತ್ತೇನೆಂದು ಹೊಲದ ಬಣವೆಯ ಕಡೆ ಹೊರಟಳು. ಸೋಮನಿಂಗ ಉಳಿದ ಪಲ್ಯವನ್ನು ಗಡಿಗೆಗೆ ಹಾಕಿ, ಬೋಗುಣಿ ತೊಳೆದು, ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಇಟ್ಟ.

ಅದು ಮೊದಲು ಕಂಡದ್ದು ಸಿಂದಗಿಯ ಇಬ್ರಾಹಿಂಸಾಬನಿಗೆ. ವರ್ಷಕ್ಕೆರಡು ಸಲ ತಿದಿ ಹೊತ್ತು ಬಂದು, ಬೇವಿನ ಮರದ ಕೆಳಗೆ ಕೆಂಡ ಹೂಡಿ, ಊರ ಹಿತ್ತಾಳೆ ಪಾತ್ರೆಗಳ ಒಳಗೆ ತವರದ ಕಲಾಯಿ ಬಳಿಯುವವನು. ನಗದೆ ಮಾತಾಡಲು ಬಾರದ ಮನುಷ್ಯ. ಬೋಗುಣಿ ಎತ್ತಿ ಒಳಗೆ ಬೆರಳಾಡಿಸಿದ. ನಗು ನಿಂತಿತು.

"ಫೌಜಿ ಸಾಹೇಬ್ರ, ದೀಪಾವಳಿಗೆ ಇದಕ್ಕ ನಾನ ಕಲಾಯಿ ಹಾಕಿದ್ದೆ. ಎಲ್ಲಿ ಹೋತ್ರಿ?"

"ಆ ಬೆಳ್ಳನ ಕಲಿ? ತಿಕ್ಕಿ ತಗದೆ. ಎರಡು ತಾಸು ಹಿಡೀತು ನೋಡು."

"ಅದು ಕಲಿ ಅಲ್ರಿ, ಕಾವಲು. ಅದು ಹೋದ ಹಿತ್ತಾಳ್ಯಾಗ ಹುಳಿ ಇಟ್ರ ಕಿಲುಬು ಬಿಡ್ತೈತಿ. ವಿಷ." ಇಬ್ರಾಹಿಂಸಾಬ ಬೋಗುಣಿಯನ್ನು ಕೆಳಗಿಟ್ಟ. "ಇದರಾಗ ಹುಳಿ ಏನೂ ಇಟ್ಟಿಲ್ಲಲ್ರಿ?"

"ಪುಂಡಿಪಲ್ಲೆ."

"ಅಲ್ಲಾ. ಅದರಕ್ಕಿಂತ ಹುಳಿ ಯಾವುದೈತ್ರಿ. ಯಾರು ಉಂಡ್ರು?"

ಸೋಮನಿಂಗ ಒಳಗೆ ಹೋಗಿ ಗಡಿಗೆಯನ್ನು ಬಾಗಿಲ ಬೆಳಕಿಗೆ ತಂದ. ಪಲ್ಯದ ಅಂಚಿಗೆ, ಅವನಿಗೆ ಮಬ್ಬಿನಲ್ಲಿ ಕಾಣದೇ ಇದ್ದ, ನವಿಲಿನ ಕುತ್ತಿಗೆಯ ಬಣ್ಣದ ನೀರು ಒಸರಿತ್ತು.

ಅವನು ಹೊಲಕ್ಕೆ ಓಡಿದ ರೀತಿಯನ್ನು ಯಂಕಂಚಿಯವರು ಇಂದಿಗೂ ವರ್ಣಿಸುತ್ತಾರೆ. ದಾರಿಯಲ್ಲಿ ಒಂದು ಮೊಲವನ್ನು ಹಿಂದೆ ಹಾಕಿದ, ಅವನ ನೆರಳು ಊರ ಅಗಸಿ ಬಾಗಿಲಲ್ಲೇ ದಣಿದು ಕುಳಿತು ಆಮೇಲೆ ನಿಧಾನವಾಗಿ ಬಂತು ಎನ್ನುತ್ತಾರೆ. ಅವನಿಗೆ ಮಾತ್ರ ಆ ಹಾದಿ ಮುಗಿಯಲೇ ಇಲ್ಲ. ಬಣವೆ ಕಾಣುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಗುರಣ್ಣನಿಗೆ ಮೊದಲು ಕಣ್ಣು ಒಳಗೆ ಹೋಗಿದ್ದವು, ಆಮೇಲೆ ಬೆರಳುಗಳು ತಣ್ಣಗಾಗಿದ್ದವು. ಎಷ್ಟು ತಾಸಿಗೆ? ನೆನಪಾಗಲಿಲ್ಲ.

ಚಂದವ್ವ ಬಣವೆಯ ನೆರಳಿನಲ್ಲಿ ಮೊಣಕಾಲೂರಿ ಕಾರುತ್ತಿದ್ದಳು. ಬಾಯಿಂದ ಬಂದದ್ದರ ಬಣ್ಣ ನೋಡಿ ಅವನು ಕಣ್ಣು ಮುಚ್ಚಿಕೊಂಡ. ಅವಳ ಕೈ ಹಿಡಿದ. ಬೆರಳು ತಣ್ಣಗಿದ್ದವು.

ಪಕ್ಕದ ಹೊಲದ ಶಂಕ್ರೆಪ್ಪನ ಬಂಡಿಯನ್ನು ಕೇಳದೆಯೇ ಹೂಡಿಕೊಂಡು, ಪಕ್ಕದ ಮನೆಯ ಮುದುಕಿ ಹುಚ್ಚವ್ವನನ್ನು ಜೊತೆಗೆ ಕೂಡಿಸಿಕೊಂಡು, ಸೋಮನಿಂಗ ಸಿಂದಗಿಯ ಹಾದಿ ಹಿಡಿದ. ಹುಚ್ಚವ್ವ ಚಂದವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಬಿಸಲು ಬಡದೈತ್ಯೋ ತಮ್ಮಾ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದ್ರ ನೆಟ್ಟಗಾಗ್ತಾಳ. ಇಲ್ಲಾ, ಹೊಟ್ಟಿಲೆ ಆಗ್ಯಾಳೇನು ನೋಡು. ಫೌಜಿನಾಂವ ಮನ್ಯಾಗ ಕುಂತು ಎರಡು ವರ್ಷಾತು."

ಚಂದವ್ವ ಕಣ್ಣು ಮುಚ್ಚಿಯೇ ಹೇಳಿದಳು, "ಅಷ್ಟು ಪುರಸೊತ್ತು ಎಲ್ಲೈತಿ ಯವ್ವಾ ಅವರಿಗೆ. ಹಗಲೆಲ್ಲ ಭಾಂಡೆ ತಿಕ್ಕಿ ದಣದಿರ್ತಾರ."

ಹುಚ್ಚವ್ವ ಬಿದ್ದು ಬಿದ್ದು ನಕ್ಕಳು. ಸೋಮನಿಂಗ ಎತ್ತಿನ ಬಾಲ ತಿರುವಿದ. ಬಿಸಿಲು ಬಡಿದದ್ದು ಎಂಬ ಮಾತು ಅವನ ಕಿವಿಯಲ್ಲಿ ಕೂತುಬಿಟ್ಟಿತ್ತು. ಅದು ಒಳ್ಳೆಯ ಮಾತು. ಯಾರಿಗೂ ನೋವಿಲ್ಲದ ಮಾತು. ಬಿಸಿಲನ್ನು ಯಾರೂ ಹಿಡಿದು ಕೇಳುವುದಿಲ್ಲ. ಇಬ್ರಾಹಿಂಸಾಬ ಇಂದು ಇಲ್ಲಿದ್ದರೆ ನಾಳೆ ಇಂಡಿ, ನಾಡಿದ್ದು ಮುದ್ದೇಬಿಹಾಳ. ಹಿಂದೆ ಒಮ್ಮೆ ಬಾಯಿ ಮುಚ್ಚಿಕೊಂಡು ಉಳಿದದ್ದಾಗಿದೆ, ಏನೂ ಆಗಲಿಲ್ಲ. ಆಗ ಹಿಂದಿನಿಂದ ಚಂದವ್ವ ಮತ್ತೆ ಕಾರಿದ ಸಪ್ಪಳ ಬಂತು. ಈ ಸಲ ಹುಚ್ಚವ್ವ ನಗಲಿಲ್ಲ.

ದವಾಖಾನೆಯ ಡಾಕ್ಟರು ನಾಡಿ ಹಿಡಿದು ಕೇಳಿದರು, "ಯಾವಾಗಿನಿಂದ ಹೀಗೆ? ಏನು ತಿಂದಿದ್ದಳು?"

"ಬಿಸಲ್ರೀ ಸಾಹೇಬ್ರ," ಹುಚ್ಚವ್ವ ಮುಂದೆ ಬಂದಳು. "ಸಂತಿಗೆ ಹೋಗಿದ್ಲು. ನೆತ್ತಿ ಸುಟ್ಟೈತಿ."

ಡಾಕ್ಟರು ತಲೆಯಾಡಿಸಿ ಚೀಟಿಯ ಮೇಲೆ ಬರೆಯತೊಡಗಿದರು. ಲೇಖನಿ ಎರಡು ಸಾಲು ದಾಟಿತು. ಚಂದವ್ವ ಹಲಗೆಯ ಮೇಲೆ ಮಲಗಿ ಸೋಮನಿಂಗನನ್ನೇ ನೋಡುತ್ತಿದ್ದಳು. ಏನೂ ಗೊತ್ತಿಲ್ಲದ ನೋಟ; ಗಂಡ ಜೊತೆಗಿದ್ದಾನೆ ಎಂಬ ಧೈರ್ಯ ಅದರಲ್ಲಿತ್ತು. ಅದನ್ನು ಅವನಿಂದ ತಡೆಯಲಾಗಲಿಲ್ಲ.

"ಬಿಸಲಲ್ಲ," ಎಂದ. ಕಾಲು ಜೋಡಿಸಿ, ಎದೆ ಸೆಟೆಸಿ ನಿಂತಿದ್ದ; ದನಿ ಮಾತ್ರ ಮಗುವಿನದು. "ನಾನು ಬೋಗುಣಿದ ಕಲಾಯಿ ತಿಕ್ಕಿ ತಗದೇನ್ರಿ. ಅದರಾಗ ಪುಂಡಿಪಲ್ಲೆ ಇಟ್ಟು, ನಾನ ಕೈಯಾರೆ ನೀಡೇನಿ. ಎರಡು ಸಲ ನೀಡೇನಿ."

ಲೇಖನಿ ನಿಂತಿತು. ಡಾಕ್ಟರು ಚೀಟಿಯನ್ನು ಹರಿದು ಎದ್ದರು. "ಇದನ್ನು ಬಂದ ಕೂಡಲೇ ಹೇಳಬಾರದಾ?" ಎಂದವರೇ ಹಾಲು, ಮೊಟ್ಟೆಯ ಬಿಳಿ ತರಲು ಕೂಗಿದರು, ಸಲಾಯಿನ್ ಬಾಟಲಿ ತೂಗುಹಾಕಿಸಿದರು. ಹುಚ್ಚವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಗೋಡೆಗೆ ಸರಿದಳು.

ಚಂದವ್ವ ಗಂಡನ ಮುಖ ನೋಡಿ ಹೇಳಿದಳು, "ಹಂಗಾರ ಗಂಟಿ ನೆಕ್ಕಿದ್ದು ಖರೇನ."

ಮೂತ್ರ ಸರಿಯಾಗಿ ಹೋದರೆ ಅಪಾಯವಿಲ್ಲ, ಹೋಗದಿದ್ದರೆ ಬಿಜಾಪುರಕ್ಕೆ ಒಯ್ಯಬೇಕು ಎಂದರು ಡಾಕ್ಟರು. ಸೋಮನಿಂಗ ವರಾಂಡದಲ್ಲಿ ಕುಳಿತ. ಆ ಇಳಿಹೊತ್ತಿನಲ್ಲಿ ಸೂರ್ಯ ಬೇವಿನ ಮರದ ಒಂದು ಎಲೆಯಿಂದ ಮುಂದಿನ ಎಲೆಗೆ ಹೋಗಲು ಒಂದು ವರ್ಷ ತೆಗೆದುಕೊಂಡಿತು. ಅವನ ಮೀಸೆಯಲ್ಲಿ ಬೆಳಿಗ್ಗೆ ಎಂಟು ಬಿಳಿಗೂದಲಿದ್ದವು, ಸಂಜೆಗೆ ಎಂಟು ಕರಿಗೂದಲು ಉಳಿದಿದ್ದವು ಎಂದು ಹುಚ್ಚವ್ವ ಆಣೆ ಮಾಡಿ ಹೇಳುತ್ತಿದ್ದಳು. ಗುರಣ್ಣನ ತಾಟಿನ ವಿಷಯವನ್ನು ಅವನು ಜೀವನದಲ್ಲಿ ಮೊದಲ ಬಾರಿ ಹೇಳಿದ್ದು ಅಲ್ಲೇ, ಅವಳ ಮುಂದೆಯೇ. ಮುದುಕಿ ಅರ್ಧ ತಿಳಿಯದೆಯೂ ಪೂರ್ತಿ ಕೇಳಿದಳು.

ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ದಾದಿ ಬಂದು, ಮೂತ್ರ ಸರಿಯಾಗಿ ಆಯಿತು, ಹೆದರಬೇಡಿ ಎಂದಳು. ಸೋಮನಿಂಗ ಎದ್ದು ಒಳಗೆ ಹೋಗಿ ಹೆಂಡತಿಯ ಬೆರಳು ಮುಟ್ಟಿ ನೋಡಿದ.

ಮೂರನೆಯ ದಿನ ಮನೆಗೆ ಬಂದರು. ಅಂದು ಹುಚ್ಚವ್ವನ ಮನೆಯಿಂದ ಅಂಬಲಿ ಬಂತು. ಚಂದವ್ವ ಬಾಯಿಗೆ ಹಿಡಿಯುವಷ್ಟರಲ್ಲಿ ಸೋಮನಿಂಗ ಅದನ್ನು ಕಸಿದು, ಒಂದು ಗುಟುಕು ಕುಡಿದು, ಕೈಗಡಿಯಾರ ನೋಡುತ್ತ ಕುಳಿತ.

"ಏನ್ರಿ ಇದು?"

"ಕಾಲು ತಾಸು ತಡಿ. ನನಗೇನೂ ಆಗಲಿಲ್ಲಂದ್ರ ನೀ ಕುಡಿ."

ಒಂದು ದಿನದ ಹುಚ್ಚು, ಎರಡು ದಿನದಲ್ಲಿ ಹೋಗುತ್ತದೆ ಎಂದುಕೊಂಡಳು ಚಂದವ್ವ. ಹೋಗಲಿಲ್ಲ. ಪ್ರತಿ ಹೊತ್ತೂ ಮೊದಲ ತುತ್ತು ಅವನದು, ಆಮೇಲೆ ಗಡಿಯಾರ, ಆಮೇಲೆ ಅವಳ ಊಟ. ಬೈದು ನೋಡಿದಳು, ಬೇಡಿ ನೋಡಿದಳು. ಆ ಮನೆಯಲ್ಲಿ ಬಿಸಿ ರೊಟ್ಟಿ ತಿಂದ ನೆನಪೇ ಅವಳಿಗೆ ಉಳಿಯಲಿಲ್ಲ.

"ನನ್ನ ಗಂಡ ನನಗ ಆರಿದ್ದನ್ನ ಉಣಸ್ತಾನ," ಎಂದು ಬಾವಿಯಲ್ಲಿ ಹೆಂಗಸರಿಗೆ ಹೇಳಿ ನಗುತ್ತಿದ್ದಳು. ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಆ ಕಾಲು ತಾಸು ತಾಟಿನ ಮುಂದೆ ಕುಳಿತಾಗ ಚಂದವ್ವ ಊಟವನ್ನು ನೋಡುತ್ತಿರಲಿಲ್ಲ. ಹುಚ್ಚವ್ವನಿಂದ ಗುರಣ್ಣನ ಕಥೆ ಕೇಳಿದ್ದ ಅವಳು ಗಂಡನ ಕಣ್ಣು ಒಳಗೆ ಹೋಗುತ್ತಿವೆಯೇ ಎಂದು ನೋಡುತ್ತಿದ್ದಳು. ನಡುನಡುವೆ ಏನೋ ನೆವ ಮಾಡಿ ಅವನ ಕೈ ಹಿಡಿದು, ಬೆರಳು ಬೆಚ್ಚಗಿವೆಯೇ ಎಂದು ಮುಟ್ಟಿ ನೋಡುತ್ತಿದ್ದಳು.