ಕ್ಯಾಸೆಟ್ಟಿಗೆ ನೀರು ಬೆರೆಸಿದವರು

ಕಿರಂಗೂರಿನ ಸರಸಮ್ಮನ ಮನೆಗೆ ಟೀವಿ ಗೇಮು ಬಂದಿದೆ ಎಂದು ಕೇಳಿದಾಗ, ಇದನ್ನು ಬರೆಯುತ್ತಿರುವವನು ಮಕ್ಕಳ ಕಾಟಕ್ಕೆ ಸೋತು ತಂದಿರಬೇಕು ಎಂದುಕೊಂಡಿದ್ದ. ಅಷ್ಟಕ್ಕೇ ಸುಮ್ಮನಿರದೆ, ಯಾರೂ ಕರೆಯದಿದ್ದರೂ ಹೋಗಿ ಜಗಲಿಯ ಮೇಲೆ ಕೂತು ಅರ್ಧ ಗಂಟೆ ಬುದ್ಧಿ ಹೇಳಿದ್ದ. ಮಕ್ಕಳ ಓದು ಕೆಡುತ್ತದೆ, ಕಣ್ಣು ಹಾಳಾಗುತ್ತದೆ, ಊಟ ತಿಂಡಿ ಮರೆಯುತ್ತವೆ, ಇತ್ಯಾದಿ. ಸರಸಮ್ಮ ಕಾಫಿ ಕೊಟ್ಟು, ಪೂರ್ತಿ ಕೇಳಿಸಿಕೊಂಡು, "ಊಟ ಬುಟ್ಟಿಲ್ಲ ಕಣಪ್ಪ. ಕಣ್ಗೆ ಕನ್ನಡ್ಕ ಹಾಕ್ಕಂಡೇ ಆಡ್ತೀನಿ," ಅಂದಳು. ಆ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಇದ್ದೊಬ್ಬ ಮಗಳು ಯಶೋಧ ಮದುವೆಯಾಗಿ ನಾಗಮಂಗಲ ಸೇರಿ ನಾಲ್ಕು ವರ್ಷವಾಗಿತ್ತು. ಆಡುತ್ತಿದ್ದವಳು ನಲವತ್ತೆಂಟು ವರ್ಷದ ಸರಸಮ್ಮನೇ.

ಅದು ತೊಂಬತ್ತೇಳನೇ ಇಸವಿ. ಆ ವರ್ಷ ಹೊಸದಾಗಿ ತಂದ ಸೀಮೆ ಹಸು ಒದ್ದು ಸರಸಮ್ಮನ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿತ್ತು. ಎರಡು ತಿಂಗಳು ಪ್ಲಾಸ್ಟರಿನ ಕಟ್ಟು, ಮಂಚ, ಎದುರಿಗೆ ಟೀವಿ. ಟೀವಿಯ ಕತೆಗಳಲ್ಲಿ ಎಲ್ಲರೂ ಅಳುತ್ತಿದ್ದರೇ ಹೊರತು ಯಾರೂ ಎದ್ದು ಏನೂ ಮಾಡುತ್ತಿರಲಿಲ್ಲ. ಅದನ್ನು ಅವಳಿಗೆ ಸಹಿಸಲಾಗಲಿಲ್ಲ. ತಾಯಿಯನ್ನು ನೋಡಲು ಬಂದ ಯಶೋಧ ಪಾಂಡವಪುರದಿಂದ ಟೀವಿ ಗೇಮು ತಂದು ಜೋಡಿಸಿದಳು. ಗುಂಡಿ ಒತ್ತಿದರೆ ತೆರೆಯ ಮೇಲಿನ ಟ್ಯಾಂಕು ತಕ್ಷಣ ಗುಂಡು ಹಾರಿಸಿತು. ಹೇಳಿದ ಕೂಡಲೇ ಕೆಲಸ ಮಾಡುವ ಗಂಡಾಳನ್ನು ಸರಸಮ್ಮ ಆ ಮನೆಯಲ್ಲಿ ನೋಡಿದ್ದು ಅದೇ ಮೊದಲು. ಗಂಡ ಮುದ್ದಯ್ಯನ ಮುಖ ನೋಡಿಕೊಂಡೇ ಈ ಮಾತು ಹೇಳಿದಳು.

ಕಾಲಿನ ಕಟ್ಟು ಬಿಚ್ಚಿದರೂ ಆಟ ನಿಲ್ಲಲಿಲ್ಲ. ನಿಲ್ಲುತ್ತಿದ್ದುದು ಆಟದ ಪೆಟ್ಟಿಗೆ. ಮೊದಲ ವಾರವೇ ವೋಲ್ಟೇಜು ಏರಿ ಅಡಾಪ್ಟರು ಸುಟ್ಟಿತು, ತೊಂಬತ್ತು ರೂಪಾಯಿ. ಕೈಯಲ್ಲಿ ಹಿಡಿದು ಆಡುವ ಜಾಯ್‌ಸ್ಟಿಕ್ಕಿನ ಗುಂಡಿ ಒಳಕ್ಕೆ ಕೂತುಬಿಟ್ಟಿತು. ಅಂಗಡಿಯಲ್ಲಿ ಒಂದನ್ನೇ ಕೊಡುವುದಿಲ್ಲ, ಜೊತೆ ಕೊಳ್ಳಬೇಕು, ನೂರಾ ನಲವತ್ತು. ಆಟಗಳನ್ನು ತುಂಬಿದ ಕ್ಯಾಸೆಟ್ಟಿನ ಬಾಯಿಗೆ ಉಫ್ ಉಫ್ ಎಂದು ಊದಿ ಊದಿ ಹಾಕಿದರೆ ಮಾತ್ರ ಚಿತ್ರ ಬರುತ್ತಿತ್ತು. ಒಲೆ ಊದಿದ್ದು ಸಾಲದು ಅಂತ ಇದನ್ನೂ ಊದ್ತಾವಳೆ ಎಂದು ಮುದ್ದಯ್ಯ ಎಮ್ಮೆಗೆ ಹೇಳಿದ. ಹದಿನಾಲ್ಕನೇ ಹಂತ ತಲುಪಿದಾಗ ಕರೆಂಟು ಹೋದರೆ ಮತ್ತೆ ಒಂದರಿಂದ ಶುರು. ಲೈನ್‌ಮನ್ ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿ ಹೋಗತೊಡಗಿದ.

ಇವೆಲ್ಲದರ ಮಾರಾಟಗಾರ ಪಾಂಡವಪುರದ ಸಿದ್ದರಾಜು. ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿತವನು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ ನೇತು ಹಾಕಿದ್ದ. ಡಾಕ್ಟರು ಪೆನ್ನು ಸಿಕ್ಕಿಸಿಕೊಳ್ಳುವ ಹಾಗೆ ಜೇಬಿನಲ್ಲಿ ಟೆಸ್ಟರು. ಯಾವ ಸಾಮಾನು ಕೆಟ್ಟರೂ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, "ಇದು ಟೆಕ್ನಿಕಲ್ ಪ್ರಾಬ್ಲಮ್," ಅನ್ನುತ್ತಿದ್ದ. ಕಾಯಿಲೆಯ ಹೆಸರು ತಿಳಿದ ಸಮಾಧಾನದಲ್ಲಿ ಗಿರಾಕಿ ದುಡ್ಡು ಕೊಡುತ್ತಿದ್ದ.

ಸರಸಮ್ಮನೂ ಕೊಟ್ಟಳು. ಹಾಲಿನ ದುಡ್ಡು, ಅವಳದೇ. ಹಳೆಯ ಆಟಗಳು ಬೇಜಾರಾದಾಗ ಮುನ್ನೂರೈವತ್ತು ಕೊಟ್ಟು ದೊಡ್ಡ ಕ್ಯಾಸೆಟ್ಟನ್ನೇ ತಂದಳು. ಮೇಲೆ 9999 ಆಟ ಎಂದು ಚಿನ್ನದ ಬಣ್ಣದಲ್ಲಿ ಬರೆದಿತ್ತು. ಮನೆಗೆ ಬಂದು ಕ್ರಮವಾಗಿ ಆಡುತ್ತ ಹೋದಳು. ಹನ್ನೆರಡು ಆಟ ಬೇರೆ ಬೇರೆ. ಹದಿಮೂರನೆಯದು ಮೊದಲನೆಯದೇ, ಹೆಸರು ಮಾತ್ರ ಬೇರೆ. ಹದಿನಾಲ್ಕು, ಎರಡನೆಯದು. ಅರವತ್ತರ ತನಕ ನೋಡಿ ಕನ್ನಡಕ ತೆಗೆದಿಟ್ಟಳು.

ಮೋಸ ಹೋದದ್ದಕ್ಕಿಂತ, ಮೋಸ ಹೋದವಳು ಸರಸಮ್ಮ ಎಂಬುದು ಊರಿಗೆ ದೊಡ್ಡ ಸುದ್ದಿ. ಏಕೆಂದರೆ ಆ ಊರಿನ ಡೈರಿಯಲ್ಲಿ ಹಾಲಿನ ಪರೀಕ್ಷೆಯನ್ನು ಒಳಗಿನ ಕೋಣೆಯಿಂದ ಬಾಗಿಲಿಗೆ ತರಿಸಿದವಳು ಅವಳೇ. ಹಿಂದೆ ಸೆಕ್ರೆಟರಿ ಹೊನ್ನಪ್ಪ ಹಾಲಿನ ನೀರು ಅಳೆಯುವ ಲ್ಯಾಕ್ಟೋಮೀಟರನ್ನು ಒಳಗೆ ಅದ್ದಿ ಹೊರಗೆ ಬಂದು ಡಿಗ್ರಿ ಹೇಳುತ್ತಿದ್ದ. ತನ್ನ ಗಟ್ಟಿ ಹಾಲಿಗೆ ಅವನು ನೀರಿನ ಡಿಗ್ರಿ ಹೇಳಿದ ಬೆಳಿಗ್ಗೆ ಸರಸಮ್ಮ ಕ್ಯಾನಿನ ಮೇಲೇ ಕೂತಳು. ಎಲ್ಲರ ಹಾಲನ್ನೂ ಎಲ್ಲರ ಎದುರು ಅದ್ದುವ ತನಕ ಏಳಲಿಲ್ಲ. ಅವತ್ತಿನಿಂದ ಅದೇ ಪದ್ಧತಿ. ಹೊನ್ನಪ್ಪ ಇದನ್ನು ಮರೆತಿರಲಿಲ್ಲ.

"ಏನ್ ಸರಸಕ್ಕ," ಅಂದ ಒಂದು ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನಿನ್ ಕ್ಯಾಸೆಟ್ಗೆ ಎಷ್ಟು ಡಿಗ್ರಿ ಬಂತು?"

ಸಾಲು ನಕ್ಕಿತು. ಸರಸಮ್ಮ ನಗಲಿಲ್ಲ. "ಇನ್ನೂ ಅದ್ದಿಲ್ಲ ಕಣಣ್ಣ. ಇವತ್ತು ಅದ್ದುಸ್ತೀನಿ," ಅಂದು ಕ್ಯಾನು ಇಳಿಸಿ, ಮನೆಯಿಂದ ಕ್ಯಾಸೆಟ್ಟು ತಗೊಂಡು ಪಾಂಡವಪುರದ ಬಸ್ಸು ಹತ್ತಿದಳು.

ಸಂತೆಯ ದಿನ, ಅಂಗಡಿಯ ಮುಂದೆ ಜನ. ಸರಸಮ್ಮ ಕ್ಯಾಸೆಟ್ಟನ್ನು ಗಾಜಿನ ಕೌಂಟರಿನ ಮೇಲೆ ಇಟ್ಟಳು.

"ಸಿದ್ದರಾಜು, ಇದ್ರಲ್ಲಿ ಹನ್ನೆರ್ಡೇ ಆಟ ಅವೆ. ಮಿಕ್ಕಿದ್ದೆಲ್ಲ ನೀರು."

ಸಿದ್ದರಾಜು ಕಣ್ಣು ಮುಚ್ಚಿ ಯೋಚಿಸಿದ. "ಅಮ್ಮ, ಇದು ಟೆಕ್ನಿಕಲ್ಲು. ನಿಮಗೆ ಆಡಕ್ಕೆ ಗೊತ್ತಾಗ್ತಿಲ್ಲ. ನೋಡಿ, ತೋರಿಸ್ತೀನಿ." ಕ್ಯಾಸೆಟ್ಟನ್ನು ಅಂಗಡಿಯ ಟೀವಿಗೆ ಹಾಕಿ ಒಂದು, ಎರಡು, ಮೂರು, ನಾಲ್ಕು ಎಂದು ಆಟ ತೆರೆದು ತೋರಿಸಿದ. "ಒಂದಕ್ಕಿಂತ ಒಂದು ಬೇರೆ. ಸರಿ ತಾನೆ?"

"ಮ್ಯಾಲ್ ಮ್ಯಾಲೇ ತಗೀಬ್ಯಾಡ. ಹಾಲು ಅಳೆಯೋವಾಗ ಕಲಕಿ ತಗೀತಾರೆ." ಜನರ ಕಡೆ ತಿರುಗಿದಳು. "ಯಾರಾದ್ರೂ ಒಂದು ನಂಬರ್ ಹೇಳ್ರಪ್ಪ."

ಒಬ್ಬ ತನ್ನ ಸ್ಕೂಟರಿನ ನಂಬರನ್ನೇ ಹೇಳಿದ, ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ತೆರೆಯ ಮೇಲೆ ಒಂದು ಸಲಕ್ಕೆ ಹತ್ತು ಹೆಸರು. ನಾನೂರ ಮೂವತ್ತೊಂದು ಸಲ ಒತ್ತಬೇಕು. ಸಿದ್ದರಾಜು ನಗುತ್ತಲೇ ಒತ್ತತೊಡಗಿದ. ನೂರಕ್ಕೆ ನಗು ಹೋಯಿತು. ಇನ್ನೂರಕ್ಕೆ ಹೆಬ್ಬೆರಳು ಬದಲಿಸಿದ. ಇನ್ನೂರ ಅರವತ್ತಕ್ಕೆ ಗುಂಡಿ ಒಳಕ್ಕೆ ಕೂತಿತು.

"ಟೆಕ್ನಿಕಲ್ಲು," ಅಂದಳು ಸರಸಮ್ಮ. "ಇನ್ನೊಂದು ಜೊತೆ ಬಿಚ್ಚು. ಒಂದೇ ಅಂತೂ ಕೊಡಾಕಿಲ್ವಲ್ಲ ನೀನು."

ಬಿಚ್ಚಲೇಬೇಕಾಯಿತು. ರೇಡಿಯೋ ಕೊಳ್ಳಲು ಬಂದವನು ಕೊಳ್ಳುವುದನ್ನು ಮರೆತು ನಿಂತ. ಬಾಳೆಕಾಯಿ ಮಾರುವವಳು ಬುಟ್ಟಿಯನ್ನೇ ಅಂಗಡಿಯ ಮೆಟ್ಟಿಲಿಗೆ ತಂದಳು. ಸಿದ್ದರಾಜು ಬಗ್ಗಿ ಮೆತ್ತಗೆ ಹೇಳಿದ, "ಅಮ್ಮ, ಒಳಗೆ ಬನ್ನಿ. ಮುನ್ನೂರೈವತ್ತು ವಾಪಸ್ ಕೊಡ್ತೀನಿ. ಸುಮ್ನೆ ಯಾಕೆ."

"ಒಳಗೆ ಕರೀಬ್ಯಾಡ. ಒಳಗಿನ ಯವಾರ ನಾನು ಭಾಳ ನೋಡಿವ್ನಿ. ಒತ್ತು."

ನಾಲ್ಕು ಸಾವಿರದ ಮುನ್ನೂರ ಹನ್ನೆರಡನೆಯ ಆಟ ತೆರೆಯಿತು. ನಾಲ್ಕನೆಯ ನಂಬರಿನ ಅದೇ ಟ್ಯಾಂಕು, ಈ ಸಲ ಕೆಂಪಗೆ ಬಂತು.

"ಬಣ್ಣ ಬೇರೆ ಅಮ್ಮ," ಅಂದ ಸಿದ್ದರಾಜು, ತನಗೇ ಕೇಳದಷ್ಟು ಸಣ್ಣ ದನಿಯಲ್ಲಿ.

"ನಮ್ ಎಮ್ಮೆಗೆ ಅರಿಶಿನ ಬಳಿದ್ರೆ ಎರಡು ಎಮ್ಮೆ ಆಗ್ತದಾ? ಇನ್ನೊಂದು ನಂಬರ್ ಹೇಳ್ರಪ್ಪ. ಸಂಜೆ ಹಾಲು ಕರ್ಯಕ್ಕೆ ಮನೇಲಿ ಜನ ಅವ್ರೆ. ನಂಗೇನೂ ಅರ್ಜೆಂಟಿಲ್ಲ."

ಸ್ಕೂಟರಿನವನು ಈಗ ಹೆಂಡತಿಯ ಅಣ್ಣನ ಗಾಡಿಯ ನಂಬರು ಜ್ಞಾಪಿಸಿಕೊಳ್ಳುತ್ತಿದ್ದ. ಅದು ಒಂಬತ್ತು ಸಾವಿರದ ಮೇಲಿನದು. ಸಿದ್ದರಾಜು ತನ್ನ ಹೆಬ್ಬೆರಳನ್ನು ನೋಡಿಕೊಂಡು ಜಾಯ್‌ಸ್ಟಿಕ್ಕು ಕೆಳಗಿಟ್ಟ.

"ಏನಾಗ್ಬೇಕು ಹೇಳಿ."

ಸರಸಮ್ಮ ಗಾಜಿನ ಒಳಗೆ ಕೈ ತೋರಿಸಿದಳು. ಅಂಥವೇ ಹದಿನೇಳು ಕ್ಯಾಸೆಟ್ಟು ಸಾಲಾಗಿ ನಿಂತಿದ್ದವು. "ಎಲ್ಲದ್ರ ಮ್ಯಾಲೂ ಹನ್ನೆರಡು ಅಂತ ಬರಿ. ಹನ್ನೆರಡಕ್ಕೆ ಏನು ಬೆಲೆಯೋ ಅದನ್ನ ಹಿಡ್ಕಂಡು ಮಿಕ್ಕಿದ್ದು ಕೊಡು. ಕ್ಯಾಸೆಟ್ಟು ನಂಗೇ ಬೇಕು. ಟ್ಯಾಂಕಿನ ಆಟ ಚೆನ್ನಾಗದೆ."

ಸಿದ್ದರಾಜು ತೊಂಬತ್ತು ಹಿಡಿದುಕೊಂಡು ಇನ್ನೂರ ಅರವತ್ತು ಎಣಿಸಿ, ಎಲ್ಲರ ಎದುರು, ಗಾಜಿನ ಮೇಲೆ ಇಟ್ಟ. ಕಪ್ಪು ಮಾರ್ಕರ್ ತಗೊಂಡು ಬರೆಯತೊಡಗಿದ. ಐದನೆಯ ಕ್ಯಾಸೆಟ್ಟಿನ ಹೊತ್ತಿಗೆ ಸರ್ಟಿಫಿಕೇಟಿನ ಕಡೆ ಒಮ್ಮೆ ಕಣ್ಣು ಹಾಯಿಸಿದ. ಅಷ್ಟು ಓದಿದವನಿಗೆ ಇಷ್ಟು ಅವಮಾನವನ್ನು ನುಂಗಿ ಸುಮ್ಮನಿರಲು ಆಗಲಿಲ್ಲ. ತಲೆ ಎತ್ತಿ ಕೇಳಿದ:

"ಅಲ್ಲಮ್ಮ, ನಿಜವಾಗ್ಲೂ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ ಇದ್ದಿದ್ರೆ, ಅಷ್ಟನ್ನೂ ಆಡ್ತಿದ್ರಾ ನೀವು?"

ಸರಸಮ್ಮ ನೋಟುಗಳನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆಡ್ತೀನೋ ಬುಡ್ತೀನೋ, ಅದು ನನ್ ಇಷ್ಟ ಕಣ್ಲಾ. ಅಷ್ಟು ಅಂತ ಬರ್ದ್ಮ್ಯಾಲೆ ಅಷ್ಟನ್ನೂ ಒಳ್ಗೆ ನೀನು ಮಡುಗ್ಬೇಕು."