ಅಲ್ವಾ ಸಿಸ್ಟರ್

ನಮ್ಮ ವಾರ್ಡಿನ ಹಿರಿಯ ನರ್ಸಿಗೆ ನರ್ಸಿಂಗ್ ವಿದ್ಯಾರ್ಥಿನಿಯರು ಇಟ್ಟ ಹೆಸರು 'ಅಲ್ವಾ ಸಿಸ್ಟರ್'. ಪ್ರಶ್ನೆಯ ಬಾಲಕ್ಕೆ ಒಂದು 'ಅಲ್ವಾ' ಕಟ್ಟದೆ ಆಕೆಗೆ ಮಾತು ಮುಗಿಸಲು ಬಾರದು. "ನೋವು ಕಡಿಮೆ ಆಯ್ತಲ್ವಾ?" "ನಿದ್ದೆ ಚೆನ್ನಾಗಿ ಬಂತಲ್ವಾ?" ಎಂದು ಕೇಳುವಷ್ಟರಲ್ಲಿ ಕಾಲು ಆಗಲೇ ಮುಂದಿನ ಹಾಸಿಗೆಯತ್ತ ತಿರುಗಿರುತ್ತದೆ. ಬಿಳಿ ಬಟ್ಟೆ ತೊಟ್ಟವರು ಅಷ್ಟು ಖಚಿತವಾಗಿ ಹೇಳುವಾಗ ಇಲ್ಲವೆನ್ನಲು ರೋಗಿಗೆ ಎಷ್ಟು ಎದೆಗಾರಿಕೆ ಬೇಕು! ಹಲ್ಲು ಕಚ್ಚಿಕೊಂಡು ಹೂಂಗುಟ್ಟುತ್ತಾನೆ. ಹೀಗಾಗಿ ಆಕೆಯ ಪಾಳಿಯಲ್ಲಿ ವಾರ್ಡಿಗೆ ವಾರ್ಡೇ ಗುಣಮುಖ. ಮುಂದಿನ ಪಾಳಿಯವರು ಬಂದೊಡನೆ ಎಲ್ಲರಿಗೂ ನೋವು ಮರುಕಳಿಸುತ್ತದೆ. ಒಮ್ಮೆ ಇನ್ಸುಲಿನ್ ಸೂಜಿ ಹಿಡಿದು, "ತಾತಾ, ಸಕ್ಕರೆ ಕಾಯಿಲೆ ನಿಮಗೇ ಅಲ್ವಾ?" ಎಂದಳು. ತಾತ ಹೂಂ ಎಂದು ತೋಳು ಚಾಚಿದ. "ಅಯ್ಯೋ ಸಿಸ್ಟರ್, ಮಾವಂಗೆ ಕಿವಿ ಕೇಳ್ಸಲ್ಲ, ಎಲ್ಲದಕ್ಕೂ ಹೂಂ ಅಂತಾರೆ! ಸಕ್ಕರೆ ಕಾಯಿಲೆ ಪಕ್ಕದ ಹಾಸಿಗೆಯವರಿಗೆ!" ಎಂದು ಸೊಸೆ ಕಿರುಚದಿದ್ದರೆ ತಾತನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿಸ್ಟರ್ ತಬ್ಬಿಬ್ಬಾಗಲಿಲ್ಲ: "ಅದನ್ನ ಮೊದಲೇ ಹೇಳ್ಬೇಕಲ್ವಾ?" ವಿದ್ಯಾರ್ಥಿನಿಯರಿಗೆ ಆಕೆ ಹೇಳಿಕೊಡುವ ಪಾಠವೂ ಒಂದೇ: "ಹೇಗಿದೆ ಅಂತ ಮಾತ್ರ ಕೇಳ್ಬೇಡ್ರೇ, ಪುರಾಣ ಶುರು ಮಾಡ್ತಾರೆ." ಮೊನ್ನೆ ಆಕೆಯೇ ಔಷಧಿಯ ಗಾಡಿಗೆ ಒರಗಿ, ಎದೆಗೆ ಕೈ ಒತ್ತಿಕೊಂಡು ಬೆವರುತ್ತ ನಿಂತಿದ್ದಳು. ಅಚ್ಚುಮೆಚ್ಚಿನ ಶಿಷ್ಯೆ ಹಾದುಹೋಗುತ್ತ, "ಅಕ್ಕಾ, ಏನೂ ತೊಂದ್ರೆ ಇಲ್ಲ ಅಲ್ವಾ?" ಎಂದಳು. ಸಿಸ್ಟರ್ ಏನೋ ಹೇಳಲು ಬಾಯಿ ತೆರೆದಳು. ಹೊರಟದ್ದು "ಹೂಂ" ಒಂದೇ. ಚೆನ್ನಾಗಿ ಪಾಠ ಕಲಿತ ಹುಡುಗಿ, ಅಷ್ಟರಲ್ಲಿ ಮುಂದಿನ ಹಾಸಿಗೆ ತಲುಪಿದ್ದಳು.