ಪ್ರೆಸ್ಸಿಗೆ ಕುಂಕುಮ ಇಟ್ಟವನು

ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವರನ್ನು ಸತ್ಯವಂತರು ಅನ್ನುತ್ತಾರೆ. ನಿಜ. ಸುಳ್ಳು ಹೇಳಲು ಹೊರಟರೆ ಅವರಿಗೆ ಕೆಮ್ಮು ಬರುತ್ತಿತ್ತು. ಹಾಗಾಗಿ ಮನೆಯಲ್ಲಿ ಆ ಇಲಾಖೆ ನನ್ನದಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಅವರು ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯ ಫಿಟ್ಟರ್. ಭಾನುವಾರ ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯ ಮುಂದೆ ಕೂತು, ಹೊರಗಿನಿಂದ ಬಂದ ಕೆಲಸಗಾರರಿಗೆ ಪುಕ್ಕಟೆ ಅರ್ಜಿ ಬರೆದುಕೊಡುತ್ತಿದ್ದರು. ಏಳನೇ ಕ್ಲಾಸು ಓದಿದ ಜಂಬದಲ್ಲಿ ನಾನು ಅದರಲ್ಲಿ ತಪ್ಪು ಹುಡುಕುತ್ತಿದ್ದೆ.

ಒಂದು ಭಾನುವಾರ ಧರ್ಮಪುರಿ ಕಡೆಯವನೊಬ್ಬ ಬಂದ. ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಗಿದ್ದವು. ಪಕ್ಕದ ಬೆರಳಲ್ಲಿ ಕೀವು ತುಂಬಿತ್ತು. ಕಾರ್ಮಿಕರ ಇಎಸ್‌ಐ ಆಸ್ಪತ್ರೆಯಲ್ಲಿ ಆಪರೇಷನ್ ಆದರೆ ಅದಾದರೂ ಉಳಿಯುತ್ತಿತ್ತು. ಆದರೆ ಅದಕ್ಕೆ ಇವನು ನಮ್ಮ ಕೆಲಸಗಾರ ಅಂತ ಮಾಲೀಕರ ಕಾಗದ ಬೇಕು. ಅವರು ಇವನು ಯಾರೋ ಗೊತ್ತೇ ಇಲ್ಲ ಅಂದುಬಿಟ್ಟಿದ್ದರು. ಹಾಜರಿ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ.

"ನೀನು ಅಲ್ಲಿದ್ದೆ ಅನ್ನೋಕೆ ಏನಾದ್ರೂ ಇದ್ಯೇನಪ್ಪಾ?" ಅಂತ ನಮ್ಮವರು ಕೇಳಿದರು.

"ಆಯುಧ ಪೂಜೆಲಿ ಫೋಟೋ ತೆಗೆದ್ರು ಅಣ್ಣಾ. ನಾನೂ ಇದೀನಿ."

ಫೋಟೋ ಮಾಲೀಕರ ಗೋಡೆ ಮೇಲಿತ್ತು. ನೆಗೆಟಿವ್ ಸ್ಟುಡಿಯೋದಲ್ಲಿತ್ತು. ಮಾರನೆಯ ದಿನ ಸ್ಟುಡಿಯೋಗೆ ಹೋಗಿ, ತಮ್ಮನಿಗೆ ಹುಡುಗಿ ನೋಡ್ತಿದ್ದೀವಿ, ಆ ಕಡೆಯವರು ಫೋಟೋ ಕೇಳ್ತಿದ್ದಾರೆ, ಅವನು ತೆಗೆಸಿರೋದು ಫ್ಯಾಕ್ಟರಿ ಆಯುಧ ಪೂಜೆದೊಂದೇ ಅಂದೆ. ಸ್ಟುಡಿಯೋದವರು ಒಂದು ಪ್ರತಿ ಹುಡುಕಿ ಮುಂದಿಟ್ಟು "ಯಾರಮ್ಮ ನಿಮ್ಮ ತಮ್ಮ?" ಅಂದರು.

ಇದನ್ನು ನಾನು ಯೋಚಿಸಿರಲಿಲ್ಲ. ನಾನು ಕಂಡದ್ದು ಗಡ್ಡ ಬಿಟ್ಟು ಸೊರಗಿದ ಮುಖ. ಇಲ್ಲಿ ಎಲ್ಲರೂ ಕ್ಷೌರ ಮಾಡಿಸಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಒಂದೇ ತಾಯಿ ಮಕ್ಕಳ ಹಾಗಿದ್ದರು. ಧೈರ್ಯ ಮಾಡಿ ಒಬ್ಬನನ್ನು ತೋರಿಸಿದೆ.

"ಇವರು ಮಾಲೀಕರ ಬಾಮೈದ ಕಣಮ್ಮಾ. ಮೂರು ಮಕ್ಕಳಿದಾವೆ."

"ಅದಕ್ಕೇ ಸಾರ್ ಹುಡುಗಿ ಸಿಗ್ತಿಲ್ಲ."

ಅವರು ಸ್ಟೂಲಿನ ಮೇಲೆ ಕೂತು ನಕ್ಕರು. ಆಮೇಲೆ ನಿಜ ಹೇಳಿದೆ. ನಗು ನಿಂತಿತು. ಆ ಪ್ರತಿಯನ್ನೇ ಕವರಿಗೆ ಹಾಕಿಕೊಟ್ಟರು.

ಅರ್ಜಿ, ಫೋಟೋ ಹಿಡಿದು ನಾವು ಮೂವರೂ ಲೇಬರ್ ಆಫೀಸಿಗೆ ಹೋದೆವು. ಅಲ್ಲಿನ ಸಾಹೇಬರು ಕರೆಸಿದ್ದ ಮಾಲೀಕರು ಫೋಟೋ ನೋಡಿ ಅಲುಗಾಡಲಿಲ್ಲ. "ಪೂಜೆ ದಿನ ಕಡಲೆಪುರಿಗೆ ಬೀದಿಯವರೆಲ್ಲ ಬರ್ತಾರೆ ಸಾರ್. ಇವನೂ ಬಂದಿರ್ತಾನೆ."

ಸಾಹೇಬರು ಫೋಟೋ ಪಕ್ಕಕ್ಕಿಡುವುದರಲ್ಲಿದ್ದರು. ನಾನು ಇನ್ನೊಂದು ಸಲ ಬಗ್ಗಿ ನೋಡಿದೆ. ಧರ್ಮಪುರಿಯವನು, ಅಷ್ಟರಲ್ಲಿ ತಾನೇ ತೋರಿಸಿಕೊಟ್ಟಿದ್ದ ಹಾಗೆ, ಪ್ರೆಸ್ಸಿನ ಪಕ್ಕ ನಿಂತು ಅದಕ್ಕೆ ಕುಂಕುಮ ಇಡುತ್ತಿದ್ದ. ವರ್ಷವೆಲ್ಲ ಬೈದುಕೊಂಡು ಓಡಿಸುವ ಮೆಷಿನ್ನನ್ನು ಆ ದಿನ ತೊಳೆದು ಸಿಂಗರಿಸುವುದು ಅದರ ಮೇಲೆ ಕೆಲಸ ಮಾಡುವವನೇ. ಬೇರೆಯವರು ಮುಟ್ಟಿದರೆ ಜಗಳವೇ ಆಗುತ್ತದೆ.

"ಸಾರ್, ಪೂಜೆ ದಿನ ನಿಮ್ಮ ಸ್ಕೂಟರಿಗೆ ಕುಂಕುಮ ಇಡೋದು ಯಾರು?" ಅಂತ ಸಾಹೇಬರನ್ನು ಕೇಳಿದೆ.

"ನಾನೇ."

"ಕಡಲೆಪುರಿಗೆ ಬಂದವರ ಕೈಲಿ ಇಡಿಸಲ್ವಾ?"

ಸಾಹೇಬರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಮಾಲೀಕರ ಮುಂದೆ ಒಂದು ಬಿಳಿ ಹಾಳೆ ಸರಿಸಿ, "ಆಸ್ಪತ್ರೆಗೆ ಕಾಗದ ಬರೀರಿ. ನಾನು ಕಾಯ್ತೀನಿ" ಅಂದರು. ಮಾಲೀಕರು ಪೆನ್ನಿಲ್ಲ ಅಂದರು. ನಮ್ಮವರು ತಮ್ಮದನ್ನೇ ಕೊಟ್ಟರು.

ಎರಡು ತಿಂಗಳ ನಂತರ ಅವನು ಮನೆಗೆ ಬಂದ. ಹೆಬ್ಬೆರಳಿಗೆ ಆಪರೇಷನ್ನಿನಿಂದ ಉಳಿದ ಬೆರಳನ್ನು ತಾಗಿಸಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿಕೊಳ್ಳಲು ಹೊರಟ. ಗುಂಡಿ ಜಾರುತ್ತಲೇ ಇತ್ತು. ನಾನು ಕೈ ಚಾಚಿದರೆ ನಮ್ಮವರು ತಡೆದರು. ಬರೆಯುತ್ತಿದ್ದ ಅರ್ಜಿ ಕೆಳಗಿಟ್ಟು, ಗುಂಡಿ ಕಾಜಕ್ಕೆ ಸೇರುವವರೆಗೂ ನೋಡುತ್ತಾ ಕೂತರು.